ಹಾಲಿನ ಕ್ಯಾನಿನಲ್ಲಿ ಸಿಕ್ಕ ಮೇಷ್ಟರು

ಮಕ್ಕಳೇ, ಹಾಲಿನ ಡೇರಿಯ ಮುಂದೆ ಸಾಲಾಗಿ ಇಟ್ಟಿರುವ ಕ್ಯಾನುಗಳನ್ನು ನೀವು ನೋಡಿರುತ್ತೀರಿ. ಹೊಟ್ಟೆ ದಪ್ಪ, ಕತ್ತು ಸಣ್ಣ, ಮೇಲೆ ಬಿಗಿಯಾದ ಮುಚ್ಚಳ, ಎರಡು ಕಡೆ ಹಿಡಿಕೆ. ಈ ವಾರದ ಕಥೆ ಅಂಥ ಎರಡು ಕ್ಯಾನುಗಳಿಂದ ಶುರುವಾಗುತ್ತದೆ. ಆದರೆ ಅವುಗಳಲ್ಲಿ ಹಾಲಿರಲಿಲ್ಲ.

1950ನೇ ಇಸವಿ, ಡಿಸೆಂಬರ್ 1. ಪೋಲೆಂಡ್ ದೇಶದ ರಾಜಧಾನಿ ವಾರ್ಸಾ. ಎರಡನೇ ಮಹಾಯುದ್ಧ ಮುಗಿದು ಐದು ವರ್ಷವಾಗಿದ್ದರೂ ಊರಿನ ಆ ಭಾಗ ಇನ್ನೂ ಇಟ್ಟಿಗೆ ಚೂರಿನ ಗುಡ್ಡೆಯಾಗಿಯೇ ಬಿದ್ದಿತ್ತು. ನೊವೊಲಿಪ್ಕಿ ಎಂಬ ಬೀದಿಯಲ್ಲಿ ಹೊಸ ಕಟ್ಟಡಕ್ಕೆ ಪಾಯ ತೋಡುತ್ತಿದ್ದ ಕೆಲಸಗಾರರಿಗೆ ಮಣ್ಣಿನಡಿಯಲ್ಲಿ ಎರಡು ಹಾಲಿನ ಕ್ಯಾನು ಸಿಕ್ಕವು. ಮುಚ್ಚಳ ತೆಗೆದರೆ ಒಳಗೆ ಕಾಗದವೋ ಕಾಗದ. ಡೈರಿಗಳು, ವರದಿಗಳು, ಪತ್ರಗಳು. ಅವುಗಳ ನಡುವೆ ಹೀಬ್ರೂ ಭಾಷೆಯಲ್ಲಿ ಕೈಬರಹದಲ್ಲಿ ಬರೆದ ಒಂದು ದೊಡ್ಡ ಕಟ್ಟು. ಅದರ ಜೊತೆಗೆ ಒಂದು ಪತ್ರ. ಪತ್ರ ಯಾರಿಗೆ? ಹೆಸರಿಲ್ಲ. ‘ಇದು ಯಾರಿಗೆ ಸಿಗುತ್ತದೋ ಅವರಿಗೆ’ ಎಂಬ ಅರ್ಥದಲ್ಲಿ ಬರೆದದ್ದು.

ಆ ಕಟ್ಟನ್ನು ಬರೆದವರು ಒಬ್ಬ ಮೇಷ್ಟರು. ಹೆಸರು ಕಲೋನಿಮಸ್ ಕಲ್ಮನ್ ಶಾಪಿರಾ. ನಾಲಿಗೆ ಹೊರಳುವುದಿಲ್ಲ ಎನ್ನಬೇಡಿ, ನಮ್ಮ ಹೆಸರುಗಳನ್ನು ಹೇಳುವಾಗ ಅವರಿಗೂ ಹಾಗೇ ಅನ್ನಿಸುತ್ತಿತ್ತು. ವಾರ್ಸಾದ ಪಕ್ಕದ ಪಿಯಾಸೆಚ್ನೊ ಎಂಬ ಊರಿನ ಗುರುಗಳಾಗಿದ್ದರಿಂದ ಜನ ಅವರನ್ನು ‘ಪಿಯಾಸೆಚ್ನೊ ರೆಬ್ಬೆ’ ಎನ್ನುತ್ತಿದ್ದರು. ನಾವೂ ರೆಬ್ಬೆ ಎಂದೇ ಕರೆಯೋಣ.

ರೆಬ್ಬೆ ಎಂದರೇನು ಎಂದು ಮೊದಲು ಹೇಳಿಬಿಡುತ್ತೇನೆ. ಯೆಹೂದಿಗಳಲ್ಲಿ ಧರ್ಮಗ್ರಂಥಗಳನ್ನು ಓದಿ, ಪಾಠ ಹೇಳುವ ಗುರುವಿಗೆ ರಬ್ಬಿ ಎಂದು ಹೆಸರು. 18ನೇ ಶತಮಾನದಲ್ಲಿ, ಇವತ್ತಿನ ಉಕ್ರೇನ್ ಇರುವ ಕಡೆ, ಬಾಲ್ ಶೆಮ್ ತೋವ್ ಎಂಬ ಗುರುಗಳು ಒಂದು ಹೊಸ ದಾರಿ ತೋರಿಸಿದರು. ದೊಡ್ಡ ಪಂಡಿತನಲ್ಲದ ಬಡವನ ಪ್ರಾರ್ಥನೆಯೂ ದೇವರಿಗೆ ತಲುಪುತ್ತದೆ, ಹಾಡಿ ಕುಣಿದು ಸಂತೋಷದಿಂದ ಪೂಜಿಸುವುದೂ ಭಕ್ತಿಯೇ ಎಂದರು. ಆ ದಾರಿ ಹಿಡಿದವರು ಹಸೀದಿಗಳು. ಅವರು ತಮ್ಮ ಗುರುವನ್ನು ಅಕ್ಕರೆಯಿಂದ ರೆಬ್ಬೆ ಎನ್ನುತ್ತಾರೆ.

ನಮ್ಮ ರೆಬ್ಬೆ ಹುಟ್ಟಿದ್ದು 1889ರಲ್ಲಿ, ಗ್ರೊಜಿಸ್ಕ್ ಎಂಬ ಊರಿನಲ್ಲಿ. ತಂದೆಯೂ ಗುರುಗಳೇ. ಮಗ ಹುಟ್ಟುವ ಹೊತ್ತಿಗೆ ಅವರಿಗೆ ಅರವತ್ತು ದಾಟಿತ್ತು. ಮಗುವಿಗೆ ಮೂರು ವರ್ಷವಾಗುವಾಗ ತೀರಿಕೊಂಡರು. ಮುಂದೆ ಮಾವನಾದ ಕೋಜ್ನಿತ್ಸ್ ಊರಿನ ಗುರುಗಳು ಹುಡುಗನಿಗೆ ತಂದೆಯ ಜಾಗದಲ್ಲಿ ನಿಂತರು. ಆ ಕಾಲದ ಪದ್ಧತಿಯಂತೆ ಹದಿನಾರಕ್ಕೆ ಮದುವೆ. ಇಪ್ಪತ್ತಕ್ಕೆ ಗುರುಪೀಠ. ಹುಡುಗ ಪಿಟೀಲು ನುಡಿಸುವುದನ್ನು ಕಲಿತಿದ್ದ, ವೈದ್ಯದ ವಿಚಾರವನ್ನೂ ಓದಿಕೊಂಡಿದ್ದ.

1923ರಲ್ಲಿ ಅವರು ವಾರ್ಸಾದಲ್ಲಿ ಒಂದು ಯೆಶಿವಾ ತೆರೆದರು. ಯೆಶಿವಾ ಎಂದರೆ ಯೆಹೂದಿ ಹುಡುಗರ ಪಾಠಶಾಲೆ. ತಂದೆಯಂತೆ ನೋಡಿಕೊಂಡ ಮಾವನ ಹೆಸರಿನಲ್ಲಿ ಅದಕ್ಕೆ ‘ದಾಅಸ್ ಮೋಶೆ’ ಎಂದು ಹೆಸರಿಟ್ಟರು. ಮುಂದೆ ಅದು ವಾರ್ಸಾದ ದೊಡ್ಡ ಹಸೀದಿ ಪಾಠಶಾಲೆಗಳಲ್ಲಿ ಒಂದಾಯಿತು.

ಯೆಶಿವಾದ ತರಗತಿಗೆ ನೀವು ಹೋದರೆ ಮೊದಲು ಕಿವಿ ಮುಚ್ಚಿಕೊಳ್ಳುತ್ತೀರಿ. ಅಷ್ಟು ಗಲಾಟೆ! ಅಲ್ಲಿ ‘ಸೈಲೆನ್ಸ್’ ಎಂದು ಮೇಜು ಕುಟ್ಟುವವರಿಲ್ಲ. ಇಬ್ಬಿಬ್ಬರು ಜೋಡಿಯಾಗಿ ಒಂದೇ ಪುಟದ ಮುಂದೆ ಕೂತು ಗಟ್ಟಿಯಾಗಿ ಓದುತ್ತಾರೆ, ‘ಅದು ಹೇಗೆ? ಇದು ಯಾಕೆ?’ ಎಂದು ವಾದ ಮಾಡುತ್ತಾರೆ. ಅವರು ಓದುವ ದೊಡ್ಡ ಗ್ರಂಥಕ್ಕೆ ತಾಲ್ಮುದ್ ಎಂದು ಹೆಸರು. ಅದರ ಪುಟದ ನಡುವೆ ಮೂಲ ಇರುತ್ತದೆ, ಸುತ್ತಲೂ ಬೇರೆ ಬೇರೆ ಕಾಲದ ಪಂಡಿತರ ವಿವರಣೆ. ಒಬ್ಬರು ಹೀಗೆಂದರೆ ಇನ್ನೊಬ್ಬರು ಇಲ್ಲ ಎನ್ನುತ್ತಾರೆ. ಆ ಎರಡೂ ಮಾತನ್ನು ಒಂದೇ ಪುಟದಲ್ಲಿ ಅಚ್ಚು ಮಾಡಿರುತ್ತಾರೆ. ಇನ್ನೊಂದು ತಮಾಷೆ: ತಾಲ್ಮುದಿನ ಯಾವ ಸಂಪುಟ ತೆಗೆದರೂ ಪಾಠ ಶುರುವಾಗುವುದು ಎರಡನೇ ಹಾಳೆಯಿಂದ. ಎಷ್ಟು ಓದಿದವನೂ ತಾನು ಇನ್ನೂ ಮೊದಲನೇ ಹಾಳೆಯನ್ನೇ ಓದಿಲ್ಲ ಎಂದು ನೆನಪಿಟ್ಟುಕೊಳ್ಳಲಿ ಅಂತ ಹಾಗೆ ಎಂದು ಹಸೀದಿ ಹಿರಿಯರು ನಗುತ್ತ ಹೇಳುತ್ತಿದ್ದರಂತೆ.

ಈ ಪಾಠಶಾಲೆ ನಡೆಸುವಾಗ ರೆಬ್ಬೆಗೆ ಒಂದು ಚಿಂತೆ ಹತ್ತಿತು. ಕಾಲ ಬದಲಾಗಿತ್ತು. ವಾರ್ಸಾದ ಬೀದಿಯಲ್ಲಿ ಸಿನಿಮಾ, ಪತ್ರಿಕೆ, ರಾಜಕೀಯದ ಮೆರವಣಿಗೆ. ಹುಡುಗರು ಬೇಗ ದೊಡ್ಡವರಾದಂತೆ ಆಡುತ್ತಿದ್ದರು. ಹೇಳಿದ ಮಾತು ಕೇಳುತ್ತಿರಲಿಲ್ಲ. (ಅಜ್ಜ ಅಜ್ಜಿಯರೇ, ಇದು ಸುಮಾರು ನೂರು ವರ್ಷದ ಹಿಂದಿನ ದೂರು. ನಿನ್ನೆ ಸಂಜೆ ನೀವು ಜಗುಲಿಯಲ್ಲಿ ಕೂತು ಹೇಳಿದ್ದೂ ಇದನ್ನೇ ಅಲ್ಲವೇ?) ಬೇರೆ ಹಿರಿಯರು ಬೆತ್ತ ಹುಡುಕುತ್ತಿದ್ದಾಗ ರೆಬ್ಬೆ ಪೆನ್ನು ಹಿಡಿದರು. 1932ರಲ್ಲಿ ವಾರ್ಸಾದಲ್ಲಿ ಅವರ ಪುಸ್ತಕ ಅಚ್ಚಾಯಿತು. ‘ಖೋವಸ್ ಹತಲ್ಮಿದಿಂ’, ಅಂದರೆ ‘ವಿದ್ಯಾರ್ಥಿಗಳ ಕರ್ತವ್ಯ’.

ಹೆಸರು ಕೇಳಿದರೆ ಹೆದರಿಕೆಯಾಗುತ್ತದೆ, ನನಗೂ ಆಗಿತ್ತು. ಇನ್ನೊಂದು ಉಪದೇಶದ ಪುಸ್ತಕ ಇರಬೇಕು ಅಂದುಕೊಂಡೆ. ಒಳಗೆ ಹೋದರೆ ಬೇರೆಯೇ. ಮುನ್ನುಡಿಯಲ್ಲಿ ಮೇಷ್ಟರಿಗೆ, ತಂದೆತಾಯಿಗೆ ನಾಲ್ಕು ಮಾತು ಹೇಳುತ್ತಾರೆ. ಅಪ್ಪಣೆ ಮಾಡಿ, ಅಭ್ಯಾಸ ಮಾಡಿಸಿ ಮಗುವನ್ನು ಬಗ್ಗಿಸಬಹುದು, ಆದರೆ ದೊಡ್ಡವರು ಆ ಕಡೆ ತಿರುಗಿದ ಕೂಡಲೇ ಅದು ಬಿಟ್ಟುಹೋಗುತ್ತದೆ; ಮಗುವಿನ ಒಳಗೆ ಈಗಾಗಲೇ ಇರುವುದನ್ನು ಹೊರಗೆ ತರುವುದೇ ಶಿಕ್ಷಣ; ಅದಕ್ಕೆ ಮೇಷ್ಟರೇ ಮಗುವಿನ ಎತ್ತರಕ್ಕೆ ಬಗ್ಗಬೇಕು; ಪ್ರತಿ ಮಗುವಿನ ಸ್ವಭಾವ ಬೇರೆ, ಆದ್ದರಿಂದ ಇಬ್ಬರು ಒಂದೇ ತಪ್ಪು ಮಾಡಿದರೂ ಇಬ್ಬರಿಗೂ ಒಂದೇ ಮದ್ದು ನಡೆಯುವುದಿಲ್ಲ. ಹೀಗೆಲ್ಲ ಹೇಳಿ ಮುಗಿಸಿ ದೊಡ್ಡವರನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಮುಂದಿನ ಪುಸ್ತಕವೆಲ್ಲ ನೇರವಾಗಿ ವಿದ್ಯಾರ್ಥಿಗೆ. ಬಾ, ನಿನ್ನ ಜೊತೆಗೇ ಮಾತಾಡಬೇಕು ಎನ್ನುವ ಧಾಟಿ. ನಿನಗೆ ಪಾಠ ಹೇಳುವವರು ಎಷ್ಟೇ ಜನ ಇರಲಿ, ನಿನ್ನ ಮುಖ್ಯ ಮೇಷ್ಟರು ನೀನೇ ಎಂದು ಹುಡುಗನಿಗೆ ತಿಳಿಯಬೇಕು, ಅದು ತಿಳಿಯದ ತನಕ ಮೇಷ್ಟರು ಅವನಿಗೆ ಶತ್ರುವಿನಂತೆಯೇ ಕಾಣುತ್ತಾರೆ ಎಂಬುದು ಅವರ ವಿಚಾರ.

ಸೋಮಾರಿತನದ ಮೇಲೆ ಆ ಪುಸ್ತಕದಲ್ಲಿ ಬರೆದಿದ್ದಾರೆ. ಅದನ್ನೊಂದು ಕಾಯಿಲೆಯಂತೆ ನೋಡಿ, ಮದ್ದು ಹೇಳುತ್ತಾರೆ. ‘ನಾನು ಅಷ್ಟಕ್ಕಷ್ಟೇ, ನನ್ನ ಕೈಲಿ ಏನೂ ಆಗುವುದಿಲ್ಲ’ ಎಂದು ತನ್ನನ್ನು ತಾನೇ ಕೀಳಾಗಿ ಕಾಣುವುದು ಜಂಬದಷ್ಟೇ ಕೆಟ್ಟದ್ದು ಎನ್ನುತ್ತಾರೆ. ಮೂವತ್ತು ವರ್ಷ ಹಳ್ಳಿ ಶಾಲೆಯಲ್ಲಿ ಪಾಠ ಹೇಳಿದವನು ನಾನು. ಜಂಬದ ಹುಡುಗರನ್ನು ಎಷ್ಟೋ ಸಲ ಗದರಿದ್ದೇನೆ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ‘ನಂಗೆ ಬರಲ್ಲ ಸಾರ್’ ಎನ್ನುತ್ತಿದ್ದವನನ್ನು ‘ಪಾಪ, ಒಳ್ಳೆ ಹುಡುಗ’ ಎಂದು ಬಿಟ್ಟುಬಿಡುತ್ತಿದ್ದೆ. ರೆಬ್ಬೆ ಬಿಡುತ್ತಿರಲಿಲ್ಲ ಅನ್ನಿಸುತ್ತದೆ.

ಇನ್ನೊಂದು ಸಣ್ಣ ವಿಷಯ. ಇದು ಮಕ್ಕಳಿಗೆ ಇಷ್ಟವಾಗಬಹುದು. ಮನಸ್ಸು ಸಂತೆಯಂತೆ ಗದ್ದಲ ಮಾಡುತ್ತಿದ್ದರೆ ಅದನ್ನು ಸುಮ್ಮನಾಗಿಸುವುದು ಹೇಗೆ ಎಂದು ರೆಬ್ಬೆ ಶಿಷ್ಯರಿಗೆ ಹೇಳಿಕೊಡುತ್ತಿದ್ದರು. ಶಿಷ್ಯರೊಬ್ಬರು ಅದನ್ನು ಬರೆದಿಟ್ಟುಕೊಂಡಿದ್ದಾರೆ. ಸುಮ್ಮನೆ ಕೂತು ಯಾವ ಯೋಚನೆ ಬರುತ್ತಿದೆ, ಯಾವುದು ಹೋಗುತ್ತಿದೆ ಎಂದು ನೋಡುತ್ತಾ ಇರಬೇಕು. ಅದು ಕಷ್ಟವಾದರೆ ಗಡಿಯಾರದ ಮುಳ್ಳನ್ನು ಸ್ವಲ್ಪ ಹೊತ್ತು ನೋಡಬೇಕು, ಚಲಿಸುತ್ತಿದ್ದರೂ ಚಲಿಸದಂತೆ ಕಾಣುವ ಆ ಮುಳ್ಳನ್ನು. ಇದನ್ನು ನನ್ನ ಮೊಮ್ಮಗಳಿಗೆ ಹೇಳಿದೆ. ಗೋಡೆ ಗಡಿಯಾರದ ಮುಂದೆ ಸ್ಟೂಲ್ ಹಾಕಿಕೊಂಡು ಕೂತಳು. ಎರಡು ನಿಮಿಷಕ್ಕೆ, ‘ತಾತ, ಗಡಿಯಾರಕ್ಕೆ ಸೆಲ್ ಹಾಕ್ಬೇಕು, ನಿಂತೋಗಿದೆ’ ಎಂದಳು. ನಿಂತಿರಲಿಲ್ಲ.

ರೆಬ್ಬೆಗೆ ಒಂದು ಡೈರಿ ಬರೆಯುವ ಅಭ್ಯಾಸವಿತ್ತು. ಮನಸ್ಸಿನಲ್ಲಿ ಓಡುವುದನ್ನೆಲ್ಲ ಬರೆದಿಡುವುದು ಒಳ್ಳೆಯದು, ದೊಡ್ಡ ಲೇಖಕ ಎನ್ನಿಸಿಕೊಳ್ಳಲು ಬೇಡ, ನಾವು ಹೋದ ಮೇಲೂ ನಮ್ಮ ಜೀವದ ಮಿಡಿತ ಕಾಗದದ ಮೇಲೆ ಉಳಿಯಲಿ ಎಂಬುದಕ್ಕೆ ಬರೆಯಬೇಕು ಎಂದು ಅದರಲ್ಲಿ ಹೇಳಿಕೊಂಡಿದ್ದಾರೆ. ಈ ಮಾತು ನೆನಪಿರಲಿ.

ಇಲ್ಲಿಂದ ಮುಂದಿನ ಕಥೆ ಭಾರವಾದದ್ದು. ಸಣ್ಣ ಮಕ್ಕಳು ಅಜ್ಜನ ಅಥವಾ ಅಜ್ಜಿಯ ಪಕ್ಕ ಕೂತು ಓದಿ.

1939ರ ಸೆಪ್ಟೆಂಬರ್ 1ರಂದು ಹಿಟ್ಲರನ ಜರ್ಮನ್ ಸೈನ್ಯ ಪೋಲೆಂಡಿನ ಮೇಲೆ ಬಿತ್ತು. ತಿಂಗಳ ಕೊನೆಯ ವಾರ ವಾರ್ಸಾದ ಮೇಲೆ ಬಾಂಬಿನ ಮಳೆ. ರೆಬ್ಬೆಗೆ ಒಬ್ಬನೇ ಮಗ, ಎಲಿಮೆಲೆಖ್. ಬಾಂಬಿನ ಚೂರು ತಗುಲಿ ಅವನಿಗೆ ದೊಡ್ಡ ಗಾಯವಾಯಿತು. ಆಸ್ಪತ್ರೆಗೆ ಸೇರಿಸಿದರು. ಅವನನ್ನು ನೋಡಲು ಹೋಗಿ ಆಸ್ಪತ್ರೆಯ ಹೊರಗೆ ಕಾಯುತ್ತಿದ್ದ ಸೊಸೆ ಮತ್ತು ರೆಬ್ಬೆಯ ನಾದಿನಿ ಇನ್ನೊಂದು ಬಾಂಬಿಗೆ ಬಲಿಯಾದರು. ಕೆಲವೇ ದಿನದಲ್ಲಿ ಮಗನೂ ಹೋದ. ಮೂರು ವಾರ ಕಳೆಯುವುದರಲ್ಲಿ ವಯಸ್ಸಾದ ತಾಯಿಯೂ ಕಣ್ಣು ಮುಚ್ಚಿದರು. ಹೆಂಡತಿ 1937ರಲ್ಲೇ ತೀರಿಕೊಂಡಿದ್ದರು. ಮನೆಯಲ್ಲಿ ಉಳಿದದ್ದು ತಂದೆ ಮತ್ತು ಮಗಳು.

ಆಮೇಲೆ ಕೆಲವು ವಾರ ರೆಬ್ಬೆ ಪ್ರವಚನ ಮಾಡಲಿಲ್ಲ. ನವೆಂಬರ್ 4ರ ಶನಿವಾರ ಮತ್ತೆ ಬಾಯಿ ತೆರೆದರು. ಯೆಹೂದಿಗಳಿಗೆ ಶನಿವಾರ ಸಬ್ಬತ್, ವಿಶ್ರಾಂತಿಯ ದಿನ. ಪ್ರತಿ ಸಬ್ಬತ್ತಿಗೂ ಅವರ ಧರ್ಮಗ್ರಂಥ ತೋರಾದ ಇಂತಿಂಥ ಭಾಗ ಎಂದು ಗೊತ್ತುಪಡಿಸಿರುತ್ತಾರೆ. ಆ ವಾರದ ಭಾಗದಲ್ಲಿ ಸಾರಾ ಎಂಬ ತಾಯಿಯ ಸಾವು ಬರುತ್ತದೆ. ಅದರ ಹಿಂದಿನ ವಾರದ ಭಾಗದಲ್ಲಿ ಅವಳ ಗಂಡ ಅಬ್ರಹಾಮ ಮಗ ಇಸಾಕನನ್ನು ದೇವರಿಗೆ ಬಲಿ ಕೊಡಲು ಬೆಟ್ಟಕ್ಕೆ ಕರೆದುಕೊಂಡು ಹೋಗುವ ಕಥೆ. ಕೊನೆ ಗಳಿಗೆಯಲ್ಲಿ ದೇವರು ತಡೆಯುತ್ತಾನೆ, ಮಗ ಉಳಿಯುತ್ತಾನೆ. ಆದರೆ ಸುದ್ದಿ ಕೇಳಿದ ತಾಯಿ ಸಾಯುತ್ತಾಳೆ ಎಂದು ಹಳೆಯ ವ್ಯಾಖ್ಯಾನಗಳಲ್ಲಿ ಇದೆ.

ಈ ಎರಡು ಕಥೆಗಳನ್ನು ತೋರಾದಲ್ಲಿ ಅಕ್ಕಪಕ್ಕ ಯಾಕೆ ಇಟ್ಟಿದ್ದಾರೆ ಎಂದು ರೆಬ್ಬೆ ಅವತ್ತು ಕೇಳಿದರು. ಉತ್ತರಕ್ಕೆ ಒಬ್ಬ ಹಿಂದಿನ ಗುರುವಿನ ಮಾತು ಹಿಡಿದುಕೊಂಡರು. ಕಷ್ಟ ಉಪ್ಪಿನಂತೆ. ಅಡುಗೆಗೆ ಉಪ್ಪು ಬೇಕು, ಆದರೆ ಅಳತೆಯಲ್ಲಿ ಬೇಕು. ಹೆಚ್ಚಾದರೆ ಆ ಊಟವನ್ನು ಯಾರಿಂದಲೂ ಬಾಯಿಗಿಡಲು ಆಗದು. ಹಾಗೆಯೇ ಅಳತೆ ಮೀರಿದ ಕಷ್ಟವನ್ನು ಮನುಷ್ಯ ತಡೆಯಲಾರ, ಸಾರಾಳಂಥ ದೊಡ್ಡ ಜೀವವೇ ತಡೆಯಲಿಲ್ಲ, ಇದನ್ನು ದೇವರಿಗೆ ತೋರಿಸಲೆಂದೇ ಮೋಶೆ ಈ ಎರಡು ಕಥೆಗಳನ್ನು ಅಕ್ಕಪಕ್ಕ ಇಟ್ಟ ಎಂದರು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ನಾವು ಹೇಳುತ್ತೇವೆ. ಆ ಮೇಷ್ಟರು ಅವತ್ತು ಹೇಳಿದ್ದು ಉಪ್ಪಿನ ಮಾತು, ತಾಯಿಯ ಮಾತು, ಮಗನ ಮಾತು. ತಾಯಿಯನ್ನೂ ಮಗನನ್ನೂ ಕಳೆದುಕೊಂಡು ಇನ್ನೂ ಹದಿನೈದು ದಿನ, ತಿಂಗಳು ಆಗಿತ್ತಷ್ಟೇ. ಆದರೆ ಆ ಪಾಠದಲ್ಲಿ ತನ್ನ ಮನೆಯ ಸಾವಿನ ಬಗ್ಗೆ ಅವರು ಒಂದಕ್ಷರ ಆಡಲಿಲ್ಲ. ದೇವರ ಮುಂದೆ ಜಗಳಕ್ಕೆ ನಿಂತ ಹಾಗೂ ಇತ್ತು, ಭಕ್ತಿ ಬಿಡದ ಹಾಗೂ ಇತ್ತು. ಇದನ್ನು ಹೇಗೆ ತಿಳಿದುಕೊಳ್ಳಬೇಕು ಎಂದು ನಾನು ಬಹಳ ದಿನ ಯೋಚಿಸಿದ್ದೇನೆ.

1940ರ ನವೆಂಬರಿನಲ್ಲಿ ನಾಜಿಗಳು ವಾರ್ಸಾದ ಒಂದು ಭಾಗದ ಸುತ್ತ ಎತ್ತರದ ಗೋಡೆ ಕಟ್ಟಿ ಯೆಹೂದಿಗಳನ್ನೆಲ್ಲ ಒಳಗೆ ತುಂಬಿದರು. ಸುಮಾರು 3.4 ಚದರ ಕಿಲೋಮೀಟರಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ. ಇದಕ್ಕೆ ಘೆಟ್ಟೊ ಎಂದು ಹೆಸರು. ಪಡಿತರವಾಗಿ ಕೊಡುತ್ತಿದ್ದ ಆಹಾರ ಒಂದು ಮಗುವಿಗೂ ಸಾಲದಷ್ಟು. ಹಸಿವು, ಚಳಿ, ಟೈಫಸ್ ಜ್ವರ. ಶಾಲೆಗಳಿಗೆ ಬೀಗ, ಪ್ರಾರ್ಥನೆಗೆ ಸೇರುವುದಕ್ಕೂ ನಿಷೇಧ. ಜೆಲ್ನಾ ಬೀದಿಯ 5ನೇ ನಂಬರಿನ ರೆಬ್ಬೆಯ ಮನೆಯೇ ಪ್ರಾರ್ಥನಾ ಮಂದಿರವಾಯಿತು, ಗಂಜಿ ಕೇಂದ್ರವೂ ಆಯಿತು.

ಅಲ್ಲಿ ಸಬ್ಬತ್ ದಿನ ಪಾಠ ನಡೆಯುತ್ತಿತ್ತು. ಆಡುಮಾತು ಯಿಡ್ಡಿಷ್ ಭಾಷೆಯಲ್ಲಿ ಹೇಳುತ್ತಿದ್ದರು. ಸಬ್ಬತ್ತಿನಲ್ಲಿ ಪೆನ್ನು ಮುಟ್ಟುವಂತಿಲ್ಲ, ಬರೆಯುವುದು ಕೆಲಸಕ್ಕೆ ಸಮ. ಆದ್ದರಿಂದ ಶನಿವಾರ ಕತ್ತಲಾಗಿ ಸಬ್ಬತ್ ಮುಗಿದ ಮೇಲೆ, ಹೇಳಿದ್ದನ್ನು ನೆನಪಿನಿಂದ ಹೀಬ್ರೂ ಭಾಷೆಯಲ್ಲಿ ಬರೆದಿಡುತ್ತಿದ್ದರು. ಆಮೇಲೆ ಮತ್ತೆ ಮತ್ತೆ ತಿದ್ದುತ್ತಿದ್ದರು. ಆ ಪಾಠಗಳನ್ನು ಓದಿದವರಿಗೆ ಒಂದು ಆಶ್ಚರ್ಯ ಕಾಣುತ್ತದೆ. ಸುತ್ತ ಅಷ್ಟೆಲ್ಲ ನಡೆಯುತ್ತಿದ್ದರೂ ಅದರಲ್ಲಿ ನಾಜಿ ಎಂಬ ಪದವಿಲ್ಲ, ಶತ್ರುವಿನ ಹೆಸರಿಲ್ಲ. ಆ ವಾರದ ತೋರಾದ ಭಾಗ, ಅದರ ಮೇಲೊಂದು ಪ್ರಶ್ನೆ, ಎದುರಿಗೆ ಹಸಿದು ಕೂತ ಜನಕ್ಕೆ ಒಂದು ಆಸರೆಯ ಮಾತು. ಅಷ್ಟೇ.

ಈಗ ನಾನು ಈ ಅಂಕಣ ಬರೆಯಲು ಕೂತದ್ದೇ ಯಾವ ಕಾರಣಕ್ಕೋ ಅದನ್ನು ಹೇಳುತ್ತೇನೆ.

1941ರ ಡಿಸೆಂಬರಿನಲ್ಲಿ, ಯೆಹೂದಿಗಳ ದೀಪದ ಹಬ್ಬ ಹನುಕ್ಕಾ ಬಂತು. ಆಗ ಘೆಟ್ಟೊದಲ್ಲಿ ಕೆಲವರು, ಇಂಥ ಕಷ್ಟ ಹಿಂದೆಂದೂ ಯಾರಿಗೂ ಬಂದಿರಲಿಲ್ಲ, ಇನ್ನು ದೇವರನ್ನು ನಂಬುವುದು ಹೇಗೆ ಎನ್ನುತ್ತಿದ್ದರು. ರೆಬ್ಬೆ ಅವರಿಗೆ ಪಾಠದಲ್ಲಿ ಉತ್ತರ ಕೊಟ್ಟರು. ಯೆರೂಸಲೇಮಿನ ದೇವಾಲಯ ಬಿದ್ದಾಗ, ಇನ್ನೂ ಎಷ್ಟೋ ಸಲ, ನಮ್ಮ ಹಿರಿಯರು ಇಂಥದ್ದನ್ನು ಕಂಡಿದ್ದಾರೆ, ಆದರೂ ನಂಬಿಕೆ ಬಿಡಲಿಲ್ಲ, ನಾವು ಯಾಕೆ ಬಿಡಬೇಕು ಎಂದು. ಪಾಠ ಮುಗಿಯಿತು, ಬರೆದದ್ದೂ ಆಯಿತು.

1942ರ ಜುಲೈ 22ರಿಂದ ನಾಜಿಗಳು ಘೆಟ್ಟೊದ ಜನರನ್ನು ಗೂಡ್ಸ್ ರೈಲಿಗೆ ತುಂಬಿ ಟ್ರೆಬ್ಲಿಂಕಾ ಎಂಬಲ್ಲಿಗೆ ಸಾಗಿಸತೊಡಗಿದರು. ಎರಡು ತಿಂಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ. ಹೋದವರನ್ನು ಅಲ್ಲಿ ಕೊಂದರು. ಆ ಬೇಸಿಗೆಯಲ್ಲೇ ರೆಬ್ಬೆಯ ಮಗಳನ್ನೂ ಒಯ್ದರು. ಎದುರಿಗೆ ಕೂತು ಪಾಠ ಕೇಳುತ್ತಿದ್ದವರಲ್ಲಿ ಬಹಳಷ್ಟು ಮಂದಿ ಹೋದರು. ಘೆಟ್ಟೊದಲ್ಲಿ ಜರ್ಮನ್ ಒಡೆಯನೊಬ್ಬ ನಡೆಸುತ್ತಿದ್ದ ಕಾರ್ಖಾನೆಯಲ್ಲಿ ರೆಬ್ಬೆಗೆ ಬೂಟಿನ ಕೆಲಸ ಸಿಕ್ಕಿತ್ತು, ಕೆಲಸದ ಚೀಟಿ ಇದ್ದುದರಿಂದ ಉಳಿದರು.

ಅದೇ ವರ್ಷದ ನವೆಂಬರ್ 27ರಂದು ಅವರು ಹಳೆಯ ಹಾಳೆಗಳನ್ನು ತೆಗೆದರು. ಆ ಹನುಕ್ಕಾ ಪಾಠದ ಜೊತೆಗೆ ಒಂದು ಟಿಪ್ಪಣಿ ಸೇರಿಸಿದರು. ಅದರ ಸಾರಾಂಶ ಇಷ್ಟು: ಅಂದು ನಾನು ಹೇಳಿದ್ದು ಈ ಬೇಸಿಗೆಯ ತನಕದ ಕಷ್ಟಕ್ಕೆ ಮಾತ್ರ ಹೊಂದುತ್ತದೆ; ಆಮೇಲೆ ನಡೆದದ್ದಕ್ಕೆ ಸಮನಾದದ್ದು, ನಾನು ತಿಳಿದ ಮಟ್ಟಿಗೆ, ನಮ್ಮ ಶಾಸ್ತ್ರದಲ್ಲೂ ಇಲ್ಲ, ಚರಿತ್ರೆಯಲ್ಲೂ ಇಲ್ಲ.

ಮಕ್ಕಳೇ, ಇದು ಚಿಕ್ಕ ವಿಷಯ ಎಂದುಕೊಳ್ಳಬೇಡಿ. ತರಗತಿಯಲ್ಲಿ ಬೋರ್ಡಿನ ಮೇಲೆ ಲೆಕ್ಕ ತಪ್ಪಿದರೆ ಡಸ್ಟರಿನಿಂದ ಬೇಗ ಒರೆಸಿ, ಯಾರಾದರೂ ನೋಡಿದರೇನೋ ಎಂದು ತಿರುಗಿ ನೋಡುವ ಮೇಷ್ಟರು ನಾನು. ಈ ಮನುಷ್ಯ ಗುರುಪೀಠದಲ್ಲಿ ಕೂತವರು. ಹೇಳಿದ ಪಾಠ ಕೇಳಿದವರು ಹೆಚ್ಚಿನವರು ಬದುಕಿಲ್ಲ. ತಿದ್ದದಿದ್ದರೆ ಕೇಳುವವರು ಯಾರು? ಮುಂದೆ ಓದುವವರು ಇದ್ದಾರೋ ಇಲ್ಲವೋ ಅದೂ ಗೊತ್ತಿಲ್ಲ. ಆದರೂ ಹಳೆಯ ಮಾತನ್ನು ಹಾಗೇ ಬಿಟ್ಟು, ಅದರ ಜೊತೆಯಲ್ಲೇ ‘ಇದು ಇಲ್ಲಿಯ ತನಕ ಮಾತ್ರ ಸರಿ’ ಎಂದು ಬರೆದರು. ತಾಲ್ಮುದಿನ ಪುಟದಲ್ಲಿ ಎರಡು ಅಭಿಪ್ರಾಯ ಅಕ್ಕಪಕ್ಕ ಇರುತ್ತದೆ ಎಂದೆನಲ್ಲ, ಹಾಗೆ. ಇಲ್ಲಿ ಎರಡೂ ಒಬ್ಬರದೇ.

ಇನ್ನು ಕ್ಯಾನಿನ ವಿಷಯ. ಘೆಟ್ಟೊದಲ್ಲಿ ಇಮ್ಯಾನುಯೆಲ್ ರಿಂಗೆಲ್‌ಬ್ಲಮ್ ಎಂಬ ಇತಿಹಾಸಕಾರರಿದ್ದರು. ನಮ್ಮ ಕಥೆಯನ್ನು ಕೊಂದವರು ಬರೆಯುವಂತಾಗಬಾರದು, ನಾವೇ ಬರೆದಿಡಬೇಕು ಎಂದು ಅವರು ಗುಟ್ಟಾಗಿ ಒಂದು ತಂಡ ಕಟ್ಟಿದರು. ಶನಿವಾರಗಳಲ್ಲಿ ಸೇರುತ್ತಿದ್ದುದರಿಂದ ಅದಕ್ಕೆ ‘ಓನೆಗ್ ಶಬ್ಬತ್’, ಅಂದರೆ ‘ಸಬ್ಬತ್ತಿನ ಸಂತೋಷ’ ಎಂಬ ಗುಟ್ಟಿನ ಹೆಸರು. ಡೈರಿ, ಪತ್ರ, ಚಿತ್ರ, ಪಡಿತರ ಚೀಟಿ, ಶಾಲಾ ಮಕ್ಕಳು ಬರೆದ ಪ್ರಬಂಧ, ಮಿಠಾಯಿ ಸುತ್ತಿದ ಕಾಗದವನ್ನೂ ಬಿಡದೆ ಕೂಡಿಸಿದರು. 1942ರ ಆಗಸ್ಟಿನಲ್ಲಿ ಮೊದಲ ಕಂತನ್ನು ಹತ್ತು ತಗಡಿನ ಪೆಟ್ಟಿಗೆಗಳಲ್ಲಿ ತುಂಬಿ ಒಂದು ಶಾಲೆಯ ನೆಲದಡಿಯಲ್ಲಿ ಹೂತರು. ಹೂತವರೂ ಒಬ್ಬ ಮೇಷ್ಟರೇ, ಇಸ್ರೇಲ್ ಲಿಖ್ಟೆನ್‌ಸ್ಟೈನ್. ಹದಿನೆಂಟು, ಹತ್ತೊಂಬತ್ತು ವರ್ಷದ ಅವರ ಇಬ್ಬರು ಶಿಷ್ಯರು ಜೊತೆಗಿದ್ದರು. ಮುಚ್ಚುವ ಮೊದಲು ಮೂವರೂ ತಮ್ಮ ಮಾತನ್ನೂ ಬರೆದು ಒಳಗಿಟ್ಟರು. ತನ್ನ ಪುಟ್ಟ ಮಗಳು ಮಾರ್ಗಲಿತ್‌ಗೆ ಇಪ್ಪತ್ತು ತಿಂಗಳು, ಆಗಲೇ ಚೆನ್ನಾಗಿ ಯಿಡ್ಡಿಷ್ ಮಾತಾಡುತ್ತಾಳೆ, ಅವಳನ್ನು ಯಾರಾದರೂ ನೆನಪಿಟ್ಟುಕೊಳ್ಳಲಿ ಎಂದು ಮೇಷ್ಟರು ಬರೆದಿದ್ದರು. ಆ ತಂದೆಯ ಆಸೆ ಇವತ್ತು ನಿಮ್ಮಿಂದಲೂ ನೆರವೇರಿತು.

ರೆಬ್ಬೆ ತಮ್ಮ ಕೈಬರಹಗಳನ್ನು ಈ ತಂಡಕ್ಕೆ ಒಪ್ಪಿಸಿದರು. ಘೆಟ್ಟೊದ ಪಾಠಗಳು, ಡೈರಿ, ವಿದ್ಯಾರ್ಥಿಗಳಿಗಾಗಿ ಬರೆದು ಅಚ್ಚಾಗದೆ ಉಳಿದಿದ್ದ ಮುಂದಿನ ಪುಸ್ತಕಗಳು. ಜೊತೆಗೆ 1943ರ ಜನವರಿ 3ರ ತಾರೀಕು ಹಾಕಿದ ಆ ಪತ್ರ. ಇವು ಸಿಕ್ಕಿದವರು ದಯವಿಟ್ಟು ಟೆಲ್ ಅವೀವ್‌ನಲ್ಲಿರುವ ನನ್ನ ತಮ್ಮ ಯೆಶಾಯ ಶಾಪಿರಾಗೆ ತಲುಪಿಸಿ ಎಂದು ಕೇಳಿಕೊಂಡಿದ್ದರು. ಇನ್ನೊಂದು ಮಾತೂ ಇತ್ತು. ದೇವರು ದಯೆ ತೋರಿ, ಉಳಿದ ಯೆಹೂದಿಗಳೂ ನಾನೂ ಯುದ್ಧ ಮುಗಿಯುವ ತನಕ ಬದುಕಿದ್ದರೆ, ದಯವಿಟ್ಟು ನನಗೇ ವಾಪಸು ಕೊಡಿ.

ಮುಂದಿನ ತಿಂಗಳು ಎರಡು ಹಾಲಿನ ಕ್ಯಾನುಗಳನ್ನು ಅದೇ ಶಾಲೆಯ ಅಡಿಯಲ್ಲಿ ಹೂತರು. ಏಪ್ರಿಲಿನಲ್ಲಿ ಘೆಟ್ಟೊದಲ್ಲಿ ಉಳಿದಿದ್ದವರು ನಾಜಿಗಳ ವಿರುದ್ಧ ದಂಗೆ ಎದ್ದರು. ದಂಗೆಯನ್ನು ಹೊಸಕಿ, ಬೀದಿ ಬೀದಿಗೆ ಬೆಂಕಿ ಇಟ್ಟರು. ರೆಬ್ಬೆಯನ್ನು ಲುಬ್ಲಿನ್ ಬಳಿಯ ಟ್ರಾವ್ನಿಕಿ ಶಿಬಿರಕ್ಕೆ ಒಯ್ದರು. ಆ ವರ್ಷದ ನವೆಂಬರಿನಲ್ಲಿ ಅಲ್ಲಿದ್ದ ಯೆಹೂದಿಗಳನ್ನೆಲ್ಲ ಕೊಂದಾಗ ಅವರ ಕಥೆಯೂ ಮುಗಿಯಿತು. ಐವತ್ತನಾಲ್ಕು ವರ್ಷ.

ಇದನ್ನು ಓದಿ ಹೇಳುವಾಗ ಮೊಮ್ಮಗಳು ಕೇಳಿದಳು: ‘ತಾತ, ತಮ್ಮನಿಗೆ ಕಾಗದ ಹೋಯ್ತಾ?’ ಇಲ್ಲ ಕಂದ. ಕ್ಯಾನು ಸಿಕ್ಕಿದ್ದು 1950ರಲ್ಲಿ. ತಮ್ಮ 1945ರಲ್ಲೇ ತೀರಿಕೊಂಡಿದ್ದ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಯಾರು ಓದಿದ್ರು?’ ಎಂದಳು.

ಓದಿದರು. ಬದುಕುಳಿದ ಕೆಲ ಶಿಷ್ಯರು, ಅಭಿಮಾನಿಗಳು ಆ ಮಾಸಿದ ಅಕ್ಷರಗಳನ್ನು ಬಿಡಿಸಿ ಓದಿ 1960ರಲ್ಲಿ ಇಸ್ರೇಲಿನಲ್ಲಿ ಅಚ್ಚು ಮಾಡಿಸಿದರು. ರೆಬ್ಬೆ ತಾವು ಬರೆದಾಗ ಅದನ್ನು ರೋಷದ ವರ್ಷಗಳ ಪಾಠಗಳು ಎಂಬ ಅರ್ಥದಲ್ಲಿ ಕರೆದಿದ್ದರು. ಅಚ್ಚಾದ ಪುಸ್ತಕಕ್ಕೆ ಶಿಷ್ಯರು ಇಟ್ಟ ಹೆಸರು ‘ಏಶ್ ಕೋದೆಶ್’, ಪವಿತ್ರ ಅಗ್ನಿ. ಆ ನವೆಂಬರಿನ ಟಿಪ್ಪಣಿಯೂ ಅದರಲ್ಲಿದೆ. ವಿದ್ಯಾರ್ಥಿಗಳಿಗೆ ಬರೆದ 1932ರ ಪುಸ್ತಕ ಈಗಲೂ ಯೆಶಿವಾಗಳಲ್ಲಿ ಹುಡುಗರ ಕೈಯಲ್ಲಿ ಇದೆ, ಇಂಗ್ಲಿಷಿಗೂ ಬಂದಿದೆ. ರಿಂಗೆಲ್‌ಬ್ಲಮ್ ತಂಡದ ಕಾಗದಗಳನ್ನು ಯುನೆಸ್ಕೊ 1999ರಲ್ಲಿ ಜಗತ್ತಿನ ನೆನಪಿನ ದಾಖಲೆಗಳ ಪಟ್ಟಿಗೆ ಸೇರಿಸಿತು. ಕ್ಯಾನುಗಳಲ್ಲಿ ಒಂದು ಅಮೆರಿಕದ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ತುಕ್ಕು ಹಿಡಿದಿದೆ. ಹೂತಿಟ್ಟ ಮೂರನೆಯ ಕಂತು ಮಾತ್ರ ಇನ್ನೂ ಸಿಕ್ಕಿಲ್ಲ.

ಕೊನೆಗೆ ಒಂದು ತಾರೀಕು ಹೇಳಿ ನಿಲ್ಲಿಸುತ್ತೇನೆ. ರೆಬ್ಬೆ ಘೆಟ್ಟೊದಲ್ಲಿ ಬರೆದಿಟ್ಟ ಪಾಠಗಳಲ್ಲಿ ಕಡೆಯದು 1942ರ ಜುಲೈ 18, ಶನಿವಾರದ್ದು. ಕಷ್ಟವನ್ನು ಕಿವಿಯಿಂದ ಕೇಳುವುದೇ ಬೇರೆ, ಕಣ್ಣಾರೆ ಕಾಣುವುದೇ ಬೇರೆ ಎಂಬ ವಿಚಾರ ಅದರಲ್ಲಿದೆ. ಅದೇ ದಿನ, ಅದೇ ಗೋಡೆಯೊಳಗೆ, ಇನ್ನೊಬ್ಬ ದೊಡ್ಡ ಮೇಷ್ಟರಾದ ಡಾಕ್ಟರ್ ಯಾನುಷ್ ಕೊರ್ಚಾಕ್ ಅವರ ಅನಾಥಾಲಯದಲ್ಲಿ ಮಕ್ಕಳು ಒಂದು ನಾಟಕ ಆಡಿದರು. ಯಾರ ನಾಟಕ ಗೊತ್ತೇ? ನಮ್ಮ ರವೀಂದ್ರನಾಥ ಟಾಗೋರರ ‘ಡಾಕ್ ಘರ್’. ಕಿಟಕಿಯ ಪಕ್ಕ ಕೂತು ರಾಜನ ಓಲೆಗೆ ಕಾಯುವ ಕಾಯಿಲೆಯ ಹುಡುಗ ಅಮಲನ ಕಥೆ. ಕೊರ್ಚಾಕರು ಆ ನಾಟಕವನ್ನೇ ಯಾಕೆ ಆರಿಸಿದರು ಎಂಬುದು ಮುಂದಿನ ವಾರಕ್ಕೆ. ಅಷ್ಟರೊಳಗೆ ನಿಮ್ಮ ಶಾಲೆಯ ಲೈಬ್ರರಿಯಲ್ಲಿ ಅದರ ಕನ್ನಡ ಅನುವಾದ ಇದ್ದರೆ ತಂದು, ಅಜ್ಜಿಗೊಂದು ಪಾತ್ರ ಕೊಟ್ಟು ಗಟ್ಟಿಯಾಗಿ ಓದಿಟ್ಟುಕೊಂಡಿರಿ.